ಚೇಳಿನ ಹಚ್ಚೆ, ಬೇರೆ ಗಂಗಳ

ಮಹಾರಾಜರ ಕಾಲದಲ್ಲಿ ಹುಣಸೂರು ಸೀಮೆಯ ಒಂದು ಸಣ್ಣ ಆಸ್ಪತ್ರೆಗೆ ನಾನೊಬ್ಬನೇ ಡಾಕ್ಟರು. ನನ್ನನ್ನು ತಿದ್ದುವವರು ಯಾರೂ ಇರಲಿಲ್ಲ. ಗಾವಡಗೆರೆ ಕಡೆಯ ನಿಂಗಮ್ಮನ ಮುಂಗೈಯಲ್ಲಿದ್ದ ಹಳೆಯ ಚೇಳಿನ ಹಚ್ಚೆ ಗಂಟುಗಂಟಾಗಿ ಊದಿತ್ತು. ನೋಡಿದ ಕೂಡಲೇ ಕುಷ್ಠ ಅಂದೆ. ಉಣ್ಣೋ ಗಂಗಳ, ಚಾಪೆ ಬೇರೆ ಇಡಿ ಅಂತ ಜೊತೆಗೆ ಬಂದಿದ್ದ ಅತ್ತೆಗೂ ಹೇಳಿಬಿಟ್ಟೆ.

ಮುಂದಿನ ವಾರ ನಿಂಗಮ್ಮ ಒಬ್ಬಳೇ ಬಂದಳು. "ಕುಷ್ಠ ಆದ್ರೆ ಚುಚ್ಚಿದ್ರೂ ಗೊತ್ತಾಗಾಕಿಲ್ವಂತೆ. ಚುಚ್ಚಿ ನೋಡಿ."

ನಾನು ಮೊದಲೇ ಮಾಡಬೇಕಿದ್ದ ಪರೀಕ್ಷೆ ಅದು. ಅವಳ ಕಣ್ಣಿಗೆ ಟವೆಲು ಕಟ್ಟಿ ಗಂಟುಗಳ ಮೇಲೆ ಸೂಜಿ ತಾಗಿಸಿದೆ.

"ಇದು ಚೇಳಿನ ಬಾಲ. ಇದು ಕೊಂಡಿ. ಈಗ ಚುಚ್ತಾನೇ ಇಲ್ಲ, ಸುಮ್ಕೆ ಕುಂತಿದ್ದೀರಿ" ಅಂದಳು ನಿಂಗಮ್ಮ.

ಗಂಟಿನ ಚೂರೊಂದನ್ನು ಪರೀಕ್ಷೆಗೆಂದು ಮೈಸೂರಿನ ದೊಡ್ಡಾಸ್ಪತ್ರೆಗೆ ಕಳಿಸಿದೆ. ಇದು ಸಾರ್ಕಾಯ್ಡ್ ಎಂಬ ಅಪರೂಪದ ಕಾಯಿಲೆ, ಹಳೆಯ ಹಚ್ಚೆಯಲ್ಲೂ ಏಳುತ್ತದೆ, ಅಂಟುವುದಿಲ್ಲ, ಮದ್ದಿಲ್ಲ, ತಾನಾಗಿಯೇ ಇಳಿಯಬಹುದು ಎಂದು ಉತ್ತರ ಬಂತು. ಆ ಕಾಗದ ಹಿಡಿದು ಅವಳ ಮನೆಗೇ ಹೋಗಿ, ಇದು ಕುಷ್ಠ ಅಲ್ಲ, ಅಂಟುವುದಿಲ್ಲ ಅಂದೆ.

ಅತ್ತೆ ಕಾಗದದ ಕಡೆ ನೋಡಲಿಲ್ಲ. ಜಗಲಿಯ ಮೂಲೆಯಲ್ಲಿದ್ದ ನಿಂಗಮ್ಮನ ಗಂಗಳ ತಂದು ಮುದ್ದೆ ಇಟ್ಟು ಸಾರು ಬಿಟ್ಟಳು. "ಅಂಟಾಕಿಲ್ಲ ಅಂದ್ರಲ್ಲ, ಉಣ್ಣಿ. ಆಮೇಲೆ ಅವಳ್ನ ಒಳಕ್ಕೆ ಕರ್ಕೊತೀನಿ."

ಜಗಲಿಯಲ್ಲೇ ಕೂತಿದ್ದ ನಿಂಗಮ್ಮ ನನ್ನ ಕೈಯನ್ನೇ ನೋಡುತ್ತಿದ್ದಳು.

ಆ ಗಂಗಳದಲ್ಲೇ ಉಂಡೆ, ಎರಡು ಮುದ್ದೆ. ಆದರೆ ಮೊದಲ ತುತ್ತು ಮುರಿಯುವ ಮುಂಚೆ, ಜೇಬಿನಿಂದ ಆ ಕಾಗದ ತೆಗೆದು ಇನ್ನೊಂದು ಸಲ ಓದಿಕೊಂಡದ್ದು ನಿಜ.