ತಮ್ಮನ ಗದ್ದೆಯ ಕದಿರು

ಭಾನುವಾರ ಮಧ್ಯಾಹ್ನ ನಾನು ಊಟಕ್ಕೆ ಕುಳಿತ ಹೊತ್ತಿಗೇ ಜಾವಾದಿಂದ ತಮ್ಮನ ವಿಡಿಯೋ ಕಾಲ್ ಬರುತ್ತದೆ. ಅವನು ಮೊದಲು ತನ್ನ ಮುಖ ತೋರಿಸುವುದಿಲ್ಲ, ಗದ್ದೆ ತೋರಿಸುತ್ತಾನೆ. ಮೆಟ್ಟಿಲು ಮೆಟ್ಟಿಲಾಗಿ ಇಳಿದ ಹಸಿರು, ಅದರ ಹಿಂದೆ ಹೊಗೆಯಾಡುವ ಬೆಟ್ಟ. ನಮ್ಮೂರು ಕಿನ್ನರದ ಮನೆಯ ಜಗಲಿಯಲ್ಲಿ ಕುಳಿತು ನಮ್ಮ ತಾಯಿ, ಆಯಿ, ಅದನ್ನು ಕಣ್ಣು ಮಿಟುಕಿಸದೆ ನೋಡುತ್ತಾಳೆ.

“ಮಗಾ, ಇಲ್ಲಿ ನೋಡಾ. ಮೊನ್ನೆ ಕೊಯ್ದಿದ್ದ, ಆಗ್ಲೇ ಮತ್ತೆ ನಟ್ಟಿ ಮಾಡ್ತಿದ್ದ,” ಎಂದು ಫೋನನ್ನು ನನ್ನ ಬಟ್ಟಲಿನ ಮೇಲೆಯೇ ಹಿಡಿಯುತ್ತಾಳೆ.

“ಊಟ ಮಾಡೂಕೆ ಬಿಡೇ ಮಾರಾಯ್ತಿ,” ಎನ್ನುತ್ತೇನೆ. ಆಮೇಲೆ ಬಂಗಡೆ ಸಾರೂ ರುಚಿಸುವುದಿಲ್ಲ.

ನನಗೆ ತಮ್ಮನ ಮೇಲೆ ಹೊಟ್ಟೆಕಿಚ್ಚು. ಅಪ್ಪ ತೀರಿಕೊಂಡಾಗ ಗದ್ದೆ ನೋಡಲು ಒಬ್ಬರು ಬೇಕಿತ್ತು, ಹಾಗಾಗಿ ನಾನು ಶಾಲೆ ಬಿಟ್ಟೆ. ಅವನು ಓದಿದ. ಹಡಗಿನ ಅಡುಗೆಮನೆಯಲ್ಲಿ ಕೆಲಸ ಹಿಡಿದ, ಅದೇ ಹಡಗಿನಲ್ಲಿ ಕೆಲಸಕ್ಕಿದ್ದ ಜಾವಾದ ಹುಡುಗಿಯನ್ನು ಮದುವೆಯಾಗಿ ಅವಳ ಊರಿನಲ್ಲೇ ಉಳಿದ. ನಾನು ಹೊರಗಿನಿಂದ ಪರೀಕ್ಷೆ ಕಟ್ಟಿ ಹತ್ತನೆಯ ತರಗತಿ ಪಾಸಾಗುವಾಗ ಮೀಸೆ ನರೆತಿತ್ತು. ಕೆಸರಿಗೆ ಇಳಿ ಎಂದರೆ ಅಳುತ್ತಿದ್ದವನು ಈಗ ರೈತ. ರೈತನಾಗಿದ್ದ ನಾನು ಬೈತಖೋಲ ಬಂದರದಲ್ಲಿ ಮೂಟೆ ಇಳಿಸುತ್ತೇನೆ.

ನಮ್ಮದು ಗಜನಿ ಗದ್ದೆ, ಹೊಳೆಯ ಉಪ್ಪುನೀರಿಗೆ ತಾಗಿದ್ದು. ಉಪ್ಪು ತಾಳುವ ಕಗ್ಗ ಭತ್ತ ಮಾತ್ರ ಅಲ್ಲಿ ಬರುತ್ತದೆ, ಅದೂ ಹೊಳೆನೀರು ತಡೆಯುವ ಮಣ್ಣಿನ ಬಂಡು ಗಟ್ಟಿಯಿದ್ದರೆ. ಬಂಡು ಒಡೆದು ಎರಡು ಮಳೆಗಾಲ ಹೋಯಿತು. ಅದನ್ನು ಒಬ್ಬನೇ ಕಟ್ಟಲು ಆಗುವುದಿಲ್ಲ. ಗದ್ದೆಯವರೆಲ್ಲ ಸೇರಬೇಕು. ಕೆಲವರು ಗದ್ದೆಯನ್ನು ಸಿಗಡಿ ಸಾಕುವ ಕೆರೆಗೆ ಕೊಟ್ಟು ಕೈ ತೊಳೆದುಕೊಂಡಿದ್ದಾರೆ, ಉಳಿದವರು “ನೋಡ್ವ, ನೋಡ್ವ” ಎನ್ನುತ್ತಾರೆ. ನಾನೂ ಕೇಳುವುದನ್ನು ಬಿಟ್ಟಿದ್ದೆ.

ಬೆಳೆ ಇಲ್ಲದ ಮೇಲೆ ಹೊಸ್ತಿನ ಹಬ್ಬವೂ ಇಲ್ಲ. ಹೊಸ ಭತ್ತದ ಕದಿರನ್ನು ಗದ್ದೆ ಮಾಡಿದವನು ತಲೆಯ ಮೇಲಿಟ್ಟು ಮನೆಗೆ ತರಬೇಕು, ಹೆಂಗಸರು ದೀಪ ಹಿಡಿದು ಒಳಗೆ ಕರೆಯಬೇಕು, ಮಾವಿನೆಲೆಯ ಜೊತೆ ಬಾಗಿಲಿಗೆ ಕಟ್ಟಬೇಕು. ನೆರೆಯವರ ಕದಿರು ಕೇಳಿ ತಂದು ಕಟ್ಟುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ. ಎರಡು ವರ್ಷ ನಮ್ಮ ಬಾಗಿಲು ಬೋಳಾಗಿತ್ತು. ಆಯಿ ಒಳಗೆ ಬರುವಾಗಲೆಲ್ಲ ಒಮ್ಮೆ ತಲೆಯೆತ್ತಿ ಮೇಲೆ ನೋಡುತ್ತಿದ್ದಳು.

ಕಳೆದ ಚೌತಿ ಮುಗಿದ ಮೇಲೆ ತಮ್ಮ ಟಿಕೆಟ್ ಮಾಡಿಸಿ ನನ್ನನ್ನೂ ಆಯಿಯನ್ನೂ ಜಾವಾಕ್ಕೆ ಕರೆಸಿಕೊಂಡ.

ಆ ಊರಿನಲ್ಲಿ ನಾನು ಹುಳುಕು ಹುಡುಕುತ್ತಲೇ ನಡೆದೆ. ನಮ್ಮ ಹಾಗೆಯೇ ಹೆಂಚಿನ ಮನೆ, ತೆಂಗಿನಮರ, ಅಂಗಳದಲ್ಲಿ ಒಣ ಹಾಕಿದ ಭತ್ತ. ಐದು ದಿನಕ್ಕೊಮ್ಮೆ ಸಂತೆ. ಕೊಯ್ದ ಗದ್ದೆಗೆ ಬಾತುಕೋಳಿಗಳನ್ನು ಸಾಲಾಗಿ ಹೊಡೆದುಕೊಂಡು ಹೋಗುತ್ತಾರೆ. ಅವು ಉದುರಿದ ಕಾಳು ಹೆಕ್ಕಿ ತಿಂದು ಅಲ್ಲೇ ಗೊಬ್ಬರ ಹಾಕುತ್ತವೆ. ಪದಾರ್ಥಕ್ಕೆಲ್ಲ ಬೆಲ್ಲ ಸುರಿಯುತ್ತಾರೆ, ನನಗೆ ಸಿಕ್ಕಿದ್ದು ಅದೊಂದೇ ದೋಷ. ಅದನ್ನೂ ಆಯಿ ಬಾಯಿ ಚಪ್ಪರಿಸಿ ತಿಂದಳು.

ಒಂದು ಬೆಳಿಗ್ಗೆ ಯಾರೋ ಟೊಳ್ಳು ಮರದ ತುಂಡನ್ನು ಟಕ್ ಟಕ್ ಎಂದು ಬಡಿದರು. ಬಡಿದದ್ದೇ ತಡ, ಮನೆಮನೆಯಿಂದ ಗುದ್ದಲಿ ಹಿಡಿದು ಜನ ಹೊರಟರು. ನೀರಿನ ಕಾಲುವೆಯ ದಂಡೆ ಕುಸಿದಿತ್ತಂತೆ. ಬಿಸಿಲೇರುವ ಮೊದಲೇ ಕಟ್ಟಿ ಮುಗಿಸಿ, ಬೇಯಿಸಿದ ಮರಗೆಣಸು ತಿಂದು, ಲವಂಗದ ಸಿಗರೇಟು ಸೇದಿ ನಗುತ್ತಾ ಮನೆಗೆ ಹೋದರು. ನಾನು ದಂಡೆಯ ಮೇಲೆ ನಿಂತು ನೋಡಿದೆ. ವರ್ಷಕ್ಕೆ ಅವರು ತೆಗೆಯುವ ಮೂರು ಬೆಳೆ ನೋಡಿಯೂ ಅಷ್ಟು ಉರಿಯದ ಎದೆ ಅದನ್ನು ನೋಡಿ ಉರಿಯಿತು.

ಮರಳುವ ದಿನ ಹತ್ತಿರ ಬಂದಾಗ ಆಯಿ ಗದ್ದೆಯ ಬದುವಿನಲ್ಲಿ ನಿಂತು, “ಹೊಸ್ತಿಗೆ ಇಲ್ಲಿದೇ ಕದ್ರು ತಕಂಡು ಹೋಗ್ವ,” ಎಂದಳು.

“ಬೇರೆಯವ್ರ ಗದ್ದೆದು ಕಟ್ಟೂಕಾಗ್ತದಾ?” ಎಂದೆ.

“ಬೇರೆಯವ್ರದಾ? ನನ್ನ ಮಗಂದಲ್ವಾ ಇದು? ನಿನ್ನ ಗದ್ದೇಲಿ ಈಗ ಏಡಿ ಬಿಟ್ರೆ ಎಂತ ಅದೆ? ಏಡಿ ಕಟ್ಟೂದಾ ಬಾಗಿಲಿಗೆ?”

ತಮ್ಮ ನಕ್ಕ. ನನಗೆ ನಗು ಬರಲಿಲ್ಲ. ಅವನ ಕದಿರು ನಮ್ಮ ಬಾಗಿಲಿಗೆ ಬಂದರೆ ಆ ಮನೆಯ ಬೇಸಾಯಗಾರ ಅವನು ಎಂದೇ ಅರ್ಥ. ಅಪ್ಪನ ನಂತರ ನನಗೆ ಉಳಿದಿದ್ದ ಹೆಸರು ಅದೊಂದೇ.

ಕದಿರು ಕೊಯ್ಯಲು ತಮ್ಮನ ಅತ್ತೆ ಬಂದಳು. ಆಯಿಯ ವಯಸ್ಸಿನವಳೇ. ನಾವು ಬಂದ ದಿನದಿಂದ ಇಬ್ಬರೂ ಒಂದೇ ತಟ್ಟೆಯಿಂದ ಎಲೆಯಡಿಕೆಯ ಕವಳ ಹಾಕುತ್ತಾ, ಅವಳು ಅವಳ ಭಾಷೆಯಲ್ಲಿ, ಇವಳು ಇವಳ ಭಾಷೆಯಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅತ್ತೆಯ ಅಂಗೈಯಲ್ಲಿ ಬೆರಳಿನಷ್ಟು ಚಿಕ್ಕ ಅಲಗು. ಭತ್ತದ ತಾಯಿ, ಅವರ ಬೆಳೆಯ ದೇವತೆ, ಬೆಚ್ಚಿ ಬೀಳಬಾರದೆಂದು ಅದನ್ನು ಬೆರಳ ಸಂದಿಯಲ್ಲಿ ಅಡಗಿಸಿ, ಒಂದೊಂದೇ ಕದಿರು ಕೊಯ್ಯುತ್ತಾರಂತೆ. ಒಂದು ಹಿಡಿ ಆಯಿತು. ತಮ್ಮ ಬಗ್ಗಿ ಎರಡೂ ಕೈ ಚಾಚಿದ. ಅವಳು ಅವನನ್ನು ದಾಟಿ ಹೋಗಿ ಮಗಳ, ಅಂದರೆ ತಮ್ಮನ ಹೆಂಡತಿಯ, ಕೈಯಲ್ಲಿಟ್ಟಳು.

ಆಯಿಯ ಬಾಯಲ್ಲಿದ್ದ ಕವಳ ನಿಂತಿತು. “ಎಂತಕೆ ನಿನ್ನ ಕೈಲಿ ಕೊಡ್ಲಿಲ್ಲ?” ಎಂದು ತಮ್ಮನನ್ನು ಕೇಳಿದಳು.

ಅವನು ಚಾಚಿದ ಕೈಯನ್ನು ಚಡ್ಡಿಗೆ ಒರೆಸಿಕೊಂಡ. “ಗದ್ದೆ ಅವ್ರದು, ಆಯಿ. ಹೊರದೇಶದವ್ರ ಹೆಸ್ರಿಗೆ ಇಲ್ಲಿ ಗದ್ದೆ ಆಗೂದಿಲ್ಲ. ನಾನು ದುಡೀತೆ, ಅಷ್ಟೇ.”

“ಅಂದ್ರೆ ನೀ ಮನೆ ಅಳಿಯ.”

“ಹೂಂ.”

ಆ ಬಿಸಿಲಿನಲ್ಲಿ ನನಗೆ ಎಳನೀರು ಕುಡಿದಷ್ಟು ತಂಪಾಯಿತು. “ಹಾಂಗಾರೆ ಕಟ್ಟೂಕೆ ಬರೂದಿಲ್ಲ. ಬೀಗರ ಗದ್ದೆದು,” ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂದಿರಬೇಕು, ಬಾತುಕೋಳಿ ಕಾಯುವವನು ತಿರುಗಿ ನೋಡಿದ.

ಆಯಿ ನಿಧಾನ ಕವಳ ಅಗಿದು ಬದುವಿನಾಚೆ ಉಗುಳಿ, ಹುಡುಗಿಯ ಕಡೆ ಕೈ ತೋರಿಸಿದಳು. “ನೀ ತಂದ್ರೆ ಬರೂದಿಲ್ಲ. ಅಂವ ತಂದ್ರೂ ಬರೂದಿಲ್ಲ. ಅದ್ರದ್ದು ಅದೇ ತಂದ್ರೆ? ನಮ್ಮನೆ ಸೊಸೆ ಅಲ್ವಾ ಅದು?”

ನಾನು ಬಾತುಕೋಳಿಗಳ ಕಡೆ ತಿರುಗಿದೆ.

ತಮ್ಮನೂ ಅವನ ಹೆಂಡತಿಯೂ ನಮ್ಮ ಜೊತೆಗೇ ಕಿನ್ನರಕ್ಕೆ ಬಂದರು. ಹೊಸ್ತಿನ ಬೆಳಿಗ್ಗೆ ಅವಳು ನನ್ನ ಹೆಂಡತಿಯ ಸೀರೆ ಉಟ್ಟು, ಕದಿರು ತಲೆಯ ಮೇಲಿಟ್ಟುಕೊಂಡು ಬಾಗಿಲಿಗೆ ಬಂದಳು. ನನ್ನ ಹೆಂಡತಿ ದೀಪ ಹಿಡಿದು ಕರೆದಳು. ಹುಡುಗಿ ಗಿಡ್ಡ, ಬಾಗಿಲ ಪಟ್ಟಿಗೆ ಕೈ ಎಟುಕಲಿಲ್ಲ.

“ಮಗಾ, ಸ್ಟೂಲ್ ಹಿಡ್ಕೊ,” ಎಂದಳು ಆಯಿ ನನಗೆ.

ಹಿಡಿದೆ. ಅಪ್ಪನ ಗದ್ದೆಯ ಕದಿರನ್ನು ನಾನು ಕಟ್ಟುತ್ತಿದ್ದ ಮೊಳೆಗೇ ಅವಳು ನನ್ನ ತಲೆಯ ಮೇಲಿಂದ ಕೈ ಚಾಚಿ ಗಂಟು ಹಾಕಿದಳು.

ಪಕ್ಕದ ಮನೆಯ ಹೆಂಗಸು ಅಂಗಳದಿಂದಲೇ ಕೇಳಿದಳು: “ಯಾರ ಗದ್ದೆದೇ ಇದು?”

“ನಮ್ಮ ಸೊಸಿದು,” ಎಂದಳು ಆಯಿ, ಬೀದಿಗೆಲ್ಲ ಕೇಳುವ ಹಾಗೆ.

ತಮ್ಮ ನನ್ನ ಕಿವಿಯ ಹತ್ತಿರ ಬಂದು, “ಈಗ ಇಬ್ರೂ ಸಮ ಆದ್ವಲ್ಲ ಅಣ್ಣಾ,” ಎಂದ. ಅವನ ನಗೆಯಲ್ಲಿ ನೋವಿತ್ತು, ನನಗೆ ಕಂಡಿತು. ಸಮಾಧಾನ ಹೇಳುವಷ್ಟು ದೊಡ್ಡ ಮನಸ್ಸು ನನಗೆ ಬರಲಿಲ್ಲ.

ಸ್ಟೂಲಿನಿಂದ ಇಳಿದ ಹುಡುಗಿ ಏನೋ ಹೇಳಿದಳು. ತಮ್ಮ ತಿಳಿಸಿದ: “ಇನ್ಮುಂದೆ ಪ್ರತಿ ವರ್ಷವೂ ತರ್ತದಂತೆ.”

“ತರ್ಲಿ, ತರ್ಲಿ,” ಎಂದು ಆಯಿ ಅವಳ ಕೆನ್ನೆ ಸವರಿದಳು.

ಮರುದಿನ ಬಂದರದ ಕೆಲಸಕ್ಕೆ ಹೋಗದೆ, ಒಡೆದ ಬಂಡಿನ ಪಾಲುದಾರರ ಮನೆಗಳಿಗೆ ಹೊರಟೆ. ಮೊದಲ ಮನೆಯವನು ಹಲ್ಲುಜ್ಜುತ್ತಾ ಹೊರಗೆ ಬಂದ. “ಎಂತದಾ ಇದು, ಈಗ ಬಂಡು ಕಟ್ಟೂ ಹುಚ್ಚು?” ಎಂದ.

ಊರಿನ ಒಳ್ಳೆಯದಕ್ಕೆ ಎನ್ನಬಹುದಿತ್ತು. “ಮುಂದಿನ ವರ್ಷ ನನ್ನ ಬಾಗಿಲಿಗೆ ನಂದೇ ಕದ್ರು ಬೇಕು ಮಾರಾಯ,” ಎಂದು, ಅವನು ಬಾಯಿ ತೊಳೆದು ಬರುವ ತನಕ ಮೆಟ್ಟಿಲ ಮೇಲೆಯೇ ಕುಳಿತೆ.