ಎಂಟು ಮೊಲಗಳ ಇನ್ನೊಂದು ಕಣ್ಣು

ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಉಳಿದಂತೆ ಎಲ್ಲರಿಗೂ ಅವನು ತೊಟ್ಟಿಲಪ್ಪ. ಆ ಹೆಸರಿಟ್ಟವನು ಕಾರ್ಖಾನೆಯ ಮೊಲಗಳ ಕೋಣೆಯಲ್ಲಿ ಕೆಲಸ ಮಾಡುವ ಜೊತೆಗಾರ. ಅದಕ್ಕೆ ಪ್ರತಿಯಾಗಿ ಅವನಿಗೆ ಇಕ್ಕಳ ಎಂದು ಹೆಸರಿಟ್ಟವನು ತೊಟ್ಟಿಲಪ್ಪ. ಇಬ್ಬರ ಹೆಸರೂ ಬಂದದ್ದು ಅವರವರ ಕೈಯಿಂದ. ಒಬ್ಬ ಮೊಲವನ್ನು ಎತ್ತಿಕೊಂಡರೆ ಅದು ಮಗುವಿನಂತೆ ಮಲಗುತ್ತಿತ್ತು, ಇನ್ನೊಬ್ಬ ಹಿಡಿದರೆ ಪ್ರಾಣ ಹೋಗುವ ಹಾಗೆ ಒದ್ದಾಡುತ್ತಿತ್ತು. ಇಕ್ಕಳ ಕೆಟ್ಟವನೇನಲ್ಲ ಬಿಡಿ, ಅವನ ಕೈಯೇ ಹಾಗೆ.

ಅದು ಸೋಪು, ಶಾಂಪು, ಮುಲಾಮು, ಕಣ್ಣಿನ ಔಷಧ ಎಲ್ಲ ತಯಾರಿಸುವ ಕಾರ್ಖಾನೆ. ಮೂರನೆಯ ಮಹಡಿಯ ಕೊನೆಯಲ್ಲಿ, ಒಂದರ ಹಿಂದೆ ಒಂದು ಬಾಗಿಲು ದಾಟಿದರೆ ಮೊಲಗಳ ಕೋಣೆ. ಕಿಟಕಿ ಎಂಬುದೇ ಇಲ್ಲ. ದೀಪ ತಾನಾಗಿ ಹೊತ್ತಿ ತಾನಾಗಿ ಆರುತ್ತಿತ್ತು, ಆದ್ದರಿಂದ ಅಲ್ಲಿ ಬೆಳಗಾಗುವುದೂ ಗಡಿಯಾರದ ಮರ್ಜಿ. ನಲವತ್ತು ಪಂಜರ, ನಲವತ್ತು ಬಿಳಿ ಮೊಲ, ಪ್ರತಿಯೊಂದರ ಕಿವಿಯೊಳಗೆ ಶಾಯಿಯಲ್ಲಿ ಒಂದು ನಂಬರು. ಒಣಹುಲ್ಲು ಮತ್ತು ಉಚ್ಚೆಯ ವಾಸನೆ ಅವನ ಅಂಗಿಗೆ ಎಷ್ಟು ಹತ್ತಿತ್ತೆಂದರೆ, ಹೊಲಿಗೆ ಕೆಲಸದ ಹೆಂಡತಿ ಅವನ ಬಟ್ಟೆಯನ್ನು ಗಿರಾಕಿಗಳ ಬಟ್ಟೆಯಿಂದ ಒಂದು ಮಾರು ದೂರ ಇಡುತ್ತಿದ್ದಳು. ಈ ಮನುಷ್ಯ ಸಂಸಾರ ಮಾಡುವುದು ಮೊಲಗಳ ಜೊತೆ, ಇಲ್ಲಿಗೆ ಊಟಕ್ಕೆ ಮಾತ್ರ ಬರುತ್ತಾನೆ ಎಂದು ಮನೆಗೆ ಬಂದವರ ಮುಂದೆ ನಗುತ್ತಿದ್ದಳು. ಅವನೂ ನಗುತ್ತಿದ್ದ. ಇಪ್ಪತ್ತೆರಡು ವರ್ಷ ಹೀಗೇ ಕಳೆದಿತ್ತು.

ಮೊಲ ಹಿಡಿಯುವುದು ಹುಡುಗಾಟವಲ್ಲ. ಹೆದರಿದ ಮೊಲ ಹಿಂಗಾಲಿನಲ್ಲಿ ಎಷ್ಟು ಜೋರಾಗಿ ಒದೆಯುತ್ತದೆಂದರೆ, ಒಮ್ಮೊಮ್ಮೆ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳುತ್ತದೆ. ತೊಟ್ಟಿಲಪ್ಪ ಒಂದು ಅಂಗೈಯನ್ನು ಅದರ ಹಿಂಬದಿಗೆ ಕೊಟ್ಟು, ಇನ್ನೊಂದನ್ನು ಎದೆಗೆ ಆನಿಸಿ, ಮೂತಿ ತನ್ನ ಕಂಕುಳಿಗೆ ಬರುವಂತೆ ಹಿಡಿದು ಸುಮ್ಮನೆ ನಿಲ್ಲುತ್ತಿದ್ದ. ಇಪ್ಪತ್ತು ಎಣಿಸುವಷ್ಟರಲ್ಲಿ ಅದು ಹತ್ತಿಯ ಗಂಟು. ಆಗ ಪರೀಕ್ಷೆ ನಡೆಸುವ ಡಾಕ್ಟರ್ ಮೇಡಂ ಬಂದು, ಅದರ ಒಂದು ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಜಗ್ಗಿ, ಒಂದು ಹನಿ ಬಿಟ್ಟು, ರೆಪ್ಪೆಯನ್ನು ಒಂದು ಕ್ಷಣ ಮುಚ್ಚಿ ಹಿಡಿಯುತ್ತಿದ್ದರು. ಹೋಲಿಸಿ ನೋಡಲು ಇನ್ನೊಂದು ಕಣ್ಣನ್ನು ಹಾಗೇ ಬಿಡುತ್ತಿದ್ದರು. ಗಂಟೆಯಾದ ಮೇಲೆ ಒಮ್ಮೆ, ಆಮೇಲೆ ಮೂರು ದಿನ ಒಂದೊಂದು ಸಲ ಟಾರ್ಚು ಹಾಕಿ ನೋಡುವುದು. ಕೆಂಪಾಗಿದೆಯೇ, ಊದಿದೆಯೇ, ಪೊರೆ ಬಂದಿದೆಯೇ? ಏನೂ ಆಗದಿದ್ದರೆ ಸೊನ್ನೆ. ಕಣ್ಣು ಕೆಟ್ಟ ಮೊಲಕ್ಕೆ ಸೂಜಿ ಚುಚ್ಚಿ ಮಲಗಿಸುತ್ತಿದ್ದರು, ಅದು ಮತ್ತೆ ಏಳುತ್ತಿರಲಿಲ್ಲ. ಆ ಸೂಜಿಗೂ ಹಿಡಿದುಕೊಳ್ಳುವವನು ಇವನೇ. ಇದನ್ನೆಲ್ಲ ಬಿಡಿಸಿ ಹೇಳುತ್ತಿದ್ದೇನೆ, ಓದುವವರ ಹೊಟ್ಟೆ ತೊಳಸಿದರೆ ತೊಳಸಲಿ. ನಾವು ತಲೆಗೆ ಹಚ್ಚಿಕೊಳ್ಳುವ ನೊರೆಯ ಹಿಂದೆ ಯಾರದೋ ಕಂಕುಳಲ್ಲಿ ಮುಖ ಹುದುಗಿಸಿದ ಜೀವ ಇರಬಹುದು ಎಂದು ಒಂದು ಸಲವಾದರೂ ನೆನಪಾಗಲಿ.

ಹಾಗೆಂದು ತೊಟ್ಟಿಲಪ್ಪ ಕೆಲಸವನ್ನು ಶಪಿಸುತ್ತಲೂ ಇರಲಿಲ್ಲ. ಅವನ ಹೆಂಡತಿಗೆ ಮದುವೆಯಾದ ಹೊಸತರಲ್ಲಿ ಮೂರ್ಛೆ ಬರುತ್ತಿತ್ತು. ಹೊಲಿಗೆ ಯಂತ್ರದ ಮೇಲೇ ಬಿದ್ದು ಹಣೆ ಒಡೆದುಕೊಂಡದ್ದುಂಟು. ಒಂದು ಮಾತ್ರೆಯಿಂದ ಅದು ನಿಂತಿತ್ತು. ಆ ಮಾತ್ರೆಯೂ ಇಂಥದೇ ಯಾವುದೋ ಕೋಣೆ ದಾಟಿ ಬಂದದ್ದು ಎಂದು ಮೇಡಂ ಒಂದು ಸಲ ಹೇಳಿದ್ದರು. ಅಂದಿನಿಂದ ಅವನ ಬಾಯಿ ಕಟ್ಟಿಹೋಗಿತ್ತು. ಔಷಧದ ಹನಿಗೆ ಮೊಲ ಹಿಡಿಯುವಾಗ ಅವನು ಹೆಂಡತಿಯ ಹಣೆಯ ಗಾಯವನ್ನು ನೆನೆಸಿಕೊಂಡು ಗಟ್ಟಿಯಾಗುತ್ತಿದ್ದ. ಶಾಂಪುವಿನ ಹನಿ ಬಂದಾಗ ನೆನೆಸಿಕೊಳ್ಳಲು ಏನೂ ಸಿಗುತ್ತಿರಲಿಲ್ಲ.

ಆ ಸಲ ಬಂದದ್ದು ಮಕ್ಕಳ ಶಾಂಪು. ಕಣ್ಣು ಉರಿಯುವುದಿಲ್ಲ ಎಂದು ಬಾಟಲಿಯ ಮೇಲೆ ಬರೆಯಬೇಕಿತ್ತು, ಅದಕ್ಕೆ ಎಂಟು ಮೊಲ. ಇಕ್ಕಳ ರಜೆಯಲ್ಲಿದ್ದ. ಮೇಡಂ ಎಂಟಕ್ಕೂ ಎಡಗಣ್ಣಿಗೆ ಹನಿ ಹಾಕಿ, ಗಂಟೆ ಬಿಟ್ಟು ಬರುತ್ತೇನೆಂದು ಬರೆಯುವ ಕೋಣೆಗೆ ಹೋದರು. ಏಳನೆಯ ನಂಬರಿನ ಹೆಣ್ಣು ಮೊಲ ಮುಂಗಾಲಿನಿಂದ ಕಣ್ಣುಜ್ಜಿಕೊಳ್ಳತೊಡಗಿತು. ಉಜ್ಜಿತು, ಪಂಜರದ ಮೂಲೆಗೆ ಹೋಗಿ ಗೋಡೆಗೆ ಮುಖ ಒತ್ತಿತು, ತಿರುಗಿ ಬಂದು ಮತ್ತೆ ಉಜ್ಜಿತು. ಮೊಲ ಅಳುವುದಿಲ್ಲ, ಕಿರುಚುವುದೂ ಅಪರೂಪ, ಹಾಳಾದ್ದು ಸುಮ್ಮನೆ ಉಜ್ಜಿಕೊಳ್ಳುತ್ತದೆ. ಇಪ್ಪತ್ತೆರಡು ವರ್ಷ ತಡೆದುಕೊಂಡವನಿಗೆ ಅಂದು ಏನಾಯಿತೋ. ಪಕ್ಕದಲ್ಲಿ ಉಪ್ಪುನೀರಿನ ಬಾಟಲಿ ಇತ್ತು. ಅದನ್ನು ಎತ್ತಿಕೊಂಡು ಕಣ್ಣು ತೊಳೆದುಬಿಟ್ಟ.

ಅಷ್ಟಕ್ಕೇ ನಿಲ್ಲಿಸಿದ್ದರೆ ಒಂದರ ಲೆಕ್ಕ ಬೇರೆ ಬಂದು ಅವತ್ತೇ ಸಿಕ್ಕಿಬೀಳುತ್ತಿದ್ದ. ಆದರೆ ಅವನದು ನ್ಯಾಯವಂತನ ಬುದ್ಧಿ. ಮೇವು ಹಾಕುವಾಗಲೂ ಒಂದಕ್ಕೆ ಹಿಡಿ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಎಂದಾದರೆ ಅವನಿಗೆ ಮನಸ್ಸು ಕೇಳುತ್ತಿರಲಿಲ್ಲ. ಒಂದಕ್ಕೆ ಮಾತ್ರ ತೊಳೆದು ಉಳಿದ ಏಳಕ್ಕೆ ಅನ್ಯಾಯ ಮಾಡುವುದೇ ಎಂದು ಎಂಟರ ಕಣ್ಣನ್ನೂ ತೊಳೆದು, ಹತ್ತಿಯಲ್ಲಿ ಒರೆಸಿ, ಏನೂ ಆಗದವನಂತೆ ಪಂಜರ ಗುಡಿಸುತ್ತ ನಿಂತ. ಮೂರು ದಿನವೂ ಎಂಟೂ ಕಣ್ಣು ಸೊನ್ನೆ. ಇಷ್ಟು ಸೌಮ್ಯವಾದ ಶಾಂಪು ನೋಡಿಯೇ ಇಲ್ಲ ಎಂದು ಮೇಡಂ ಹಿಗ್ಗಿದರು. ಎಂಟು ಮೊಲಗಳು ಸೂಜಿ ತಪ್ಪಿಸಿಕೊಂಡು ತಮ್ಮ ಪಂಜರಗಳಲ್ಲಿ ಹುಲ್ಲು ಜಗಿದವು. ತೊಟ್ಟಿಲಪ್ಪ ಅಂದು ಮನೆಗೆ ಹೋಗುವಾಗ ಸಿಳ್ಳೆ ಹಾಕಿದನಂತೆ. ಹೆಂಡತಿಗೆ ಆಗಲೇ ಏನೋ ಅನುಮಾನ ಬಂದಿತ್ತು.

ಮೂರು ವಾರ ಕಳೆಯಿತು. ಒಂದು ಭಾನುವಾರ ಬೆಳಿಗ್ಗೆ ಅವನು ಹೊರಗಿಂದ ಬರುವಾಗ ಬಚ್ಚಲಲ್ಲಿ ಬಿಸಿನೀರಿನ ಹಬೆ ಎದ್ದಿತ್ತು. ಮಗಳು ಕಾಲು ಚಾಚಿ ಕುಳಿತು, ಐದು ತಿಂಗಳ ತನ್ನ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಅವಳ ಗಂಡ ಹಡಗಿನಲ್ಲಿ ಅಡುಗೆಯವ, ವರ್ಷಕ್ಕೆ ಎರಡು ಸಲ ಬರುವವನು. ಹಾಗಾಗಿ ತಾಯಿ ಮಗು ಇಬ್ಬರೂ ಇಲ್ಲಿಯೇ. ಅವಳ ಪಕ್ಕದಲ್ಲಿ ಹಳದಿ ಮುಚ್ಚಳದ ಹೊಸ ಬಾಟಲಿ. ಮಗು ಇರುವ ನೌಕರರ ಮನೆಗಳಿಗೆಲ್ಲ ಕಾರ್ಖಾನೆಯವರು ಆ ಶಾಂಪುವಿನ ಮೊದಲ ಬಾಟಲಿಗಳನ್ನು ಉಚಿತವಾಗಿ ಕಳಿಸಿದ್ದರು. ಮುಚ್ಚಳ ತೆರೆದಿತ್ತು.

ಅವನು ಹೇಗೆ ಬಚ್ಚಲ ಬಾಗಿಲು ದಾಟಿದನೋ, ಬಾಟಲಿ ಹೇಗೆ ಕಸಿದನೋ, ಅವನಿಗೇ ತಿಳಿಯದು. ಅಷ್ಟನ್ನೂ ಚರಂಡಿಗೆ ಸುರಿದುಬಿಟ್ಟ. ಮಗಳು ಬೆಪ್ಪಾಗಿ ನೋಡಿದಳು. ಹೆಂಡತಿ ಬಾಯಲ್ಲಿ ಹಿಡಿದಿದ್ದ ದಾರವನ್ನು ತೆಗೆದು, ಏನಾಯಿತೆಂದು ಕೇಳಿದಳು. ಇನ್ನು ಮುಚ್ಚಿಡಲು ಏನಿತ್ತು? ಎಲ್ಲವನ್ನೂ ಹೇಳಿದ.

ಮಗಳು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡಳು. ಆಮೇಲೆ ಕೇಳಿದಳು.

"ಬೇರೆ ಮನೆ ಮಕ್ಕಳಿಗೂ ಇದೇ ಬಾಟಲಿ ಹೋಗಿದೆ ಅಲ್ವಾ ಅಪ್ಪ?"

"ಹೋಗಿದೆ."

"ನನ್ನ ಮಗು ಅಲ್ದೆ ಇದ್ದಿದ್ರೆ, ನೀನು ಹೇಳ್ತಿದ್ದೆಯಾ?"

ಅವನು ಖಾಲಿ ಬಾಟಲಿಗೆ ಹಳದಿ ಮುಚ್ಚಳ ತಿರುಗಿಸಿ ಹಾಕಿದ. ಮಗಳು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಹೆಂಡತಿ ಮಾತ್ರ ಅವನ ಭುಜ ಮುಟ್ಟಿ, "ತೊಳೆದಿದ್ದಕ್ಕೆ ನಾನೇನೂ ಅನ್ನಲ್ಲ ರೀ. ಮೂರು ವಾರ ಬಾಯಿ ಮುಚ್ಕೊಂಡು ಇದ್ರಲ್ಲ, ಅದು ತಪ್ಪು. ಈಗಲೇ ಹೋಗಿ ಹೇಳಿ ಬನ್ನಿ" ಅಂದಳು.

ಹೇಳುವುದೇನು ಸುಲಭವೇ? ಹೇಳಿದರೆ ಪರೀಕ್ಷೆ ಮತ್ತೆ ಆಗಬೇಕು, ಮತ್ತೆ ಎಂಟು ಕಣ್ಣು. ಹೇಳದಿದ್ದರೆ ಊರಿನ ಮಕ್ಕಳ ಕಣ್ಣು. ಮೇಡಂ ಮನೆಯವರೆಗಿನ ದಾರಿಯಲ್ಲಿ ಅವನು ಎರಡು ಸಲ ಹಿಂದಕ್ಕೆ ತಿರುಗಿದ, ಎರಡು ಸಲವೂ ಮಗಳ ಪ್ರಶ್ನೆ ಅವನ ಕುತ್ತಿಗೆ ಹಿಡಿದು ಮುಂದಕ್ಕೆ ತಳ್ಳಿತು. ಮೇಡಂ ಬಾಗಿಲು ತೆರೆದು, ಕೇಳಿ, ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಕೂಗಾಡಲಿಲ್ಲ. ಫೋನು ಮಾಡಿ, ಹಂಚಿದ ಬಾಟಲಿಗಳನ್ನೆಲ್ಲ ಅಂದೇ ವಾಪಸು ತರಿಸಲು ಹೇಳಿದರು. ಪುಣ್ಯಕ್ಕೆ ಹೆಚ್ಚಿನವರು ಇನ್ನೂ ತೆರೆದಿರಲಿಲ್ಲ. ಮೊಲವಿಲ್ಲದೆ ಮಾಡಲು ಬರುವುದಿಲ್ಲವೇ ಎಂದು ತೊಟ್ಟಿಲಪ್ಪ ಕೇಳಿದ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ನೋಡುವ ವಿಧಾನವಿದೆ, ನಾನೇ ಮೂರು ಸಲ ಅರ್ಜಿ ಬರೆದಿದ್ದೇನೆ, ಮೇಲಿನವರು ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದಾರೆ ಎಂದು ಮೇಡಂ ಸೋತ ದನಿಯಲ್ಲಿ ಹೇಳಿದರು. ತನ್ನನ್ನು ಕೆಲಸದಿಂದ ತೆಗೆಯಿರಿ ಎಂದು ಅವನೇ ಕೇಳಿಕೊಂಡ.

"ನಿಮ್ಮನ್ನ ತೆಗೆದ್ರೆ ಹಿಡಿಯೋರು ಯಾರು?" ಅಂದರು ಮೇಡಂ. "ಉಳಿದ ಮೊಲಗಳೆಲ್ಲ ಬೇರೆ ಪರೀಕ್ಷೆಗಳಿಗೆ ಮೀಸಲು, ಹೊಸವು ಬರೋಕೆ ಎರಡು ತಿಂಗಳಾಗುತ್ತೆ. ಅಷ್ಟು ದಿನ ಕಾಯೋಕೆ ಮೇಲಿನವರು ಒಪ್ಪಲ್ಲ. ಆ ಎಂಟರದೇ ಇನ್ನೊಂದು ಕಣ್ಣಿದೆಯಲ್ಲ."

ಯಾವ ಎಂಟನ್ನು ಉಳಿಸಿದೆನೆಂದು ಸಿಳ್ಳೆ ಹಾಕಿದ್ದನೋ ಅವೇ ಎಂಟು. ಸೋಮವಾರ ಬೆಳಿಗ್ಗೆ ಅವನು ಒಂದೊಂದನ್ನೇ ಎತ್ತಿಕೊಂಡ. ಅವು ಅವನ ವಾಸನೆ ಹಿಡಿದು ತಾವಾಗಿಯೇ ಕಂಕುಳಿಗೆ ಮೂತಿ ತುರುಕಿದವು. ಮೇಡಂ ಬಲಗಣ್ಣಿಗೆ ಹನಿ ಹಾಕಿದರು, ಈ ಸಲ ಗಂಟೆ ಪೂರ್ತಿ ಅಲ್ಲೇ ಕುರ್ಚಿ ಹಾಕಿಕೊಂಡು ಕುಳಿತರು. ಏಳನೆಯದು ಉಜ್ಜಿಕೊಂಡಿತು. ತೊಟ್ಟಿಲಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅದರ ಎದುರಿಗೇ ನಿಂತ. ಮುಖ ತಿರುಗಿಸಿಕೊಂಡು ನಿಲ್ಲುವ ಹಕ್ಕು ತನಗಿಲ್ಲ ಎನಿಸಿತ್ತು ಅವನಿಗೆ.

ಮೂರನೆಯ ದಿನಕ್ಕೆ ಐದು ಕಣ್ಣು ಕೆಂಪು. ಅವಲ್ಲದೆ ಏಳನೆಯ ನಂಬರಿನದಕ್ಕೆ ಪೊರೆ ಬಂದು ಕಣ್ಣು ಹಾಲು ಬೆರೆಸಿದ ನೀರಿನಂತಾಯಿತು. ಶಾಂಪು ಅಲ್ಲಿಗೇ ನಿಂತಿತು, ಅಂಗಡಿಗೆ ಹೋಗಲೇ ಇಲ್ಲ. ಎಷ್ಟು ಮಕ್ಕಳ ಕಣ್ಣು ಉಳಿಸಿದಿರಿ ಗೊತ್ತೇ ಎಂದು ಮೇಡಂ ಮನಸಾರೆ ಹೇಳಿದರು. ಮಾತು ಸುಳ್ಳಲ್ಲ. ಅದು ಸುಳ್ಳಾಗಿದ್ದರೆ ಅವನು ನೆಮ್ಮದಿಯಾಗಿ ಸಿಟ್ಟಾದರೂ ಆಗಬಹುದಿತ್ತು. ಆರಕ್ಕೂ ಸೂಜಿ ಕೊಡುವಾಗ ಹಿಡಿದುಕೊಂಡು, ಕೊನೆಯದನ್ನು ಕೆಳಗಿಟ್ಟ ಮೇಲೆ, ತನ್ನನ್ನು ಬೇರೆಲ್ಲಿಗಾದರೂ ಹಾಕಿಬಿಡಿ ಎಂದು ಕೈ ಮುಗಿದ. ಮೇಡಂ ಈ ಸಲ ಎದುರಾಡಲಿಲ್ಲ. ಅವನನ್ನು ಕೆಳಗಿನ ಉಗ್ರಾಣಕ್ಕೆ ಹಾಕಿಸಿದರು.

ಉಗ್ರಾಣದಲ್ಲಿ ಕಿಟಕಿ ಇತ್ತು. ಕಿಟಕಿಯಾಚೆ ಒಂದು ಮರ, ರಸ್ತೆ, ಬಸ್ಸುಗಳು. ರಟ್ಟಿನ ಪೆಟ್ಟಿಗೆ ಎತ್ತಿಡುವುದು, ಇಳಿಸುವುದು. ಪೆಟ್ಟಿಗೆ ಒದೆಯುವುದಿಲ್ಲ, ನಂಬುವುದೂ ಇಲ್ಲ. ಮನೆಯಲ್ಲಿ ಹೆಂಡತಿ ಅವನ ಅಂಗಿಯನ್ನು ಮೂಸಿ ನೋಡಿ, ಅಬ್ಬ, ಇಪ್ಪತ್ತೆರಡು ವರ್ಷಕ್ಕೆ ಗಂಡ ಮನೆಗೆ ಬಂದ ಎಂದು ತಮಾಷೆ ಮಾಡಿದಳು. ಮಗಳೂ ಅವನ ಕೈಗೆ ಮೊದಲಿನಂತೆ ಮಗುವನ್ನು ಕೊಟ್ಟಳು. ಒಂಬತ್ತು ದಿನ ಅವನು ಚೆನ್ನಾಗಿ ನಿದ್ದೆ ಮಾಡಿದ.

ಹತ್ತನೆಯ ದಿನ ಮಧ್ಯಾಹ್ನ ಇಕ್ಕಳ ಕೆಳಗಿಳಿದು ಬಂದ. ಪೆಟ್ಟಿಗೆಯೊಂದರ ಮೇಲೆ ಕುಳಿತು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ. ಹೊಸ ಮುಲಾಮಿನ ಪರೀಕ್ಷೆ ಶುರುವಾಗಿದೆಯೆಂದೂ, ತಾನು ಹಿಡಿದ ಮೊದಲ ಮೊಲವೇ ಒದ್ದುಕೊಂಡಿತೆಂದೂ, ಬೆನ್ನು ಮುರಿದ ಸದ್ದು ತನಗೆ ಕೇಳಿಸಿತೆಂದೂ ತಡವರಿಸುತ್ತ ಹೇಳಿದ. ಎರಡನೆಯದಕ್ಕೂ ಹಾಗೇ ಆಯಿತಂತೆ. ಇನ್ನೂ ಹತ್ತು ಬಾಕಿ ಇದ್ದವು.

"ಬೇಕಂತ ಮಾಡಿಲ್ಲ ಅಣ್ಣ," ಅಂದ ಇಕ್ಕಳ. "ಮೆಲ್ಲಗೇ ಹಿಡಿದೆ. ನನ್ನ ಕೈಲಿ ಆಗ್ತಾ ಇಲ್ಲ. ನೀನು ಬರ್ಬೇಡ, ನಾನು ಕರೆಯೋಕೆ ಬಂದಿಲ್ಲ. ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು, ಅಷ್ಟೇ."

ಕರೆದಿದ್ದರೆ ಅವನು ಹೋಗುತ್ತಿರಲಿಲ್ಲವೇನೋ. ಒಲ್ಲೆ ಎನ್ನಲು ಒಬ್ಬರು ಸಿಗುತ್ತಿದ್ದರು. ಈಗ ಯಾರೂ ಒತ್ತಾಯಿಸುತ್ತಿಲ್ಲ, ಬಾಗಿಲು ಅಗಲಕ್ಕೆ ತೆರೆದಿದೆ, ಮೇಲೆ ಹತ್ತು ಮೊಲಗಳಿವೆ. ತೊಟ್ಟಿಲಪ್ಪ ಕೈಯಲ್ಲಿದ್ದ ಪೆಟ್ಟಿಗೆಯನ್ನು ಅದರ ಜಾಗಕ್ಕೆ ಇಟ್ಟ. ಮೂರು ಮಹಡಿ ಮೆಟ್ಟಿಲು ಹತ್ತಿದ, ಒಂದು ಬಾಗಿಲು ದಾಟಿದ, ಇನ್ನೊಂದು ದಾಟಿದ. ಪಂಜರದ ಮುಂದೆ ಮುಲಾಮಿನ ಟ್ಯೂಬು ಹಿಡಿದು ಒಬ್ಬರೇ ನಿಂತಿದ್ದ ಮೇಡಂ ಅವನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ಅವನು ಮೂರನೆಯ ಮೊಲವನ್ನು ಎತ್ತಿಕೊಂಡ. ಅದು ಒಂದು ಸಲ ನಡುಗಿ, ತೋಳಿಗೆ ಒರಗಿ, ಕಿವಿ ಇಳಿಬಿಟ್ಟು ಅಲುಗಾಡದೆ ಮಲಗಿತು.

"ಹಾಕಿ ಮೇಡಂ," ಅಂದ.