ನಾಲ್ಕನೇ ಗೇರು ಹಿಡಿದು ಕೂತ ದಿನಗಳು

ನಮ್ಮ ಲಾರಿಯ ಗೇರ್ ಬಾಕ್ಸ್ ಕೆಟ್ಟಾಗ ನಾನು ಒಳಗೊಳಗೇ ಖುಷಿಪಟ್ಟಿದ್ದೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ, ನನ್ನ ಗಂಡನಿಗಂತೂ ಹೇಳಿಯೇ ಇಲ್ಲ.

ಬೀದರ ಕಡೆಯ ನನ್ನ ಊರು ಬಿಟ್ಟು ನಾಸಿಕಕ್ಕೆ ಬಂದು ಆಗ ಒಂಬತ್ತು ವರ್ಷವಾಗಿತ್ತು. ಸಾತಪುರದಲ್ಲಿ ತಗಡು ಹೊದಿಸಿದ ಒಂದು ಖೋಲಿ ನಮ್ಮದು. ಗಂಡ ಕಾರ್ಖಾನೆಗಳ ಕಬ್ಬಿಣ ಹೇರಿಕೊಂಡು ಸಂಭಾಜಿನಗರಕ್ಕೆ ಹೋಗುತ್ತಿದ್ದರು, ಬರುವಾಗ ಗಂಗಾಪುರದಿಂದಲೋ ವೈಜಾಪುರದಿಂದಲೋ ಉಳ್ಳಾಗಡ್ಡಿ ತರುತ್ತಿದ್ದರು. ಮನೆಗೆ ಬಂದರೆ ಊಟ, ನಿದ್ದೆ. ಮಾತೆಂದರೆ ಉಪ್ಪು ಕೊಡು, ನೀರು ಕೊಡು, ಅಷ್ಟೇ. ಅಕ್ಕಪಕ್ಕದವರ ಮರಾಠಿ ನನಗೆ ತಿಳಿಯುತ್ತಿತ್ತು, ಮನಸ್ಸು ಬಿಚ್ಚುವಷ್ಟು ಬರುತ್ತಿರಲಿಲ್ಲ. ಮಕ್ಕಳೂ ಇಲ್ಲದ ಮನೆಯಲ್ಲಿ ಗೋಡೆಯ ಜೊತೆ ಎಷ್ಟಂತ ಮಾತಾಡುವುದು?

ಲಾರಿಯ ಕ್ಲೀನರ್ ಹುಡುಗ ಕೆಲಸ ಬಿಟ್ಟುಹೋದ ವಾರವೇ ನಾಲ್ಕನೇ ಗೇರು ತಾನಾಗಿ ಬಿಚ್ಚಿಕೊಳ್ಳತೊಡಗಿತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಸಾಕು, ಟಕ್ಕನೆ ನ್ಯೂಟ್ರಲ್‌ಗೆ ಜಾರುತ್ತಿತ್ತು. ಪಕ್ಕದಲ್ಲಿ ಯಾರಾದರೂ ಕೂತು ಲಿವರನ್ನು ಒತ್ತಿ ಹಿಡಿಯಬೇಕಿತ್ತು. ಆ ಯಾರಾದರೂ ನಾನಾದೆ.

ನಾಲ್ಕು ತಿಂಗಳು ಹಿಡಿದೆ. ಮಣಿಕಟ್ಟು ಬಾತುಕೊಂಡಿತು. ಢಾಬಾಗಳಲ್ಲಿ ಬೇರೆ ಡ್ರೈವರುಗಳು ಹೆಂಡತಿಯನ್ನೇ ಕ್ಲೀನರ್ ಮಾಡಿದ್ದಾನೆ ಎಂದು ನಗುತ್ತಿದ್ದರು; ನನ್ನ ಗಂಡನಿಗೆ ಅವಮಾನವಾಗುತ್ತಿತ್ತು. ನನಗಂತೂ ಆಗಲಿಲ್ಲ. ಸ್ಟೇರಿಂಗ್ ಹಿಡಿದರೆ ಈ ಮನುಷ್ಯ ಮಾತಾಡುತ್ತಾರೆ ಎಂದು ನನಗೆ ಗೊತ್ತಾಗಿದ್ದೇ ಆಗ. ತುಂಬಿದ ಹೊಳೆಯ ಸೇತುವೆ ದಾಟುವಾಗ ಇವತ್ತಿಗೂ ಹೆದರಿಕೆ ಎಂದರು. ಭಜನೆಯವರ ಜೊತೆ ತಬಲಾ ಕಲಿಯಲು ಹೋಗಿ ತಂದೆಯಿಂದ ಒದೆ ತಿಂದದ್ದು ಹೇಳಿದರು. ನಾನೂ ಅವ್ವನಿಗೆ ಹೇಳದ್ದನ್ನೆಲ್ಲ ಅವರಿಗೆ ಹೇಳಿದೆ.

ಒಂದು ಮಧ್ಯಾಹ್ನ ವೈಜಾಪುರ ದಾಟಿದ ಮೇಲೆ ಅವರು ತಮ್ಮ ಸೋದರಮಾವನ ಗೊರಕೆಯನ್ನು ಅಣಕಿಸಿ ತೋರಿಸಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಒರೆಸಿಕೊಳ್ಳಲು ಲಿವರ್ ಬಿಟ್ಟೆ. ಇಳಿಜಾರು, ಹಿಂದೆ ಉಳ್ಳಾಗಡ್ಡಿಯ ಭಾರ, ಮುಂದೆ ಬೈಕಿನಲ್ಲಿ ಗಂಡ, ಹೆಂಡತಿ, ನಡುವೆ ಕುಲಾವಿ ತೊಟ್ಟ ಮಗು. ಗೇರು ಜಾರಿತು, ಲಾರಿ ನುಗ್ಗಿತು. ಅವರು ಬ್ರೇಕಿನ ಮೇಲೆ ನಿಂತೇಬಿಟ್ಟರು. ಬೈಕಿಗೂ ನಮಗೂ ಒಂದು ಗೇಣು ಉಳಿದಿತ್ತು. ಆ ಹೆಂಗಸು ತಿರುಗಿ ನೋಡಿದಳು, ಡ್ರೈವರನ್ನಲ್ಲ, ನನ್ನನ್ನು. ನಾಸಿಕ ಮುಟ್ಟುವವರೆಗೂ ಎರಡೂ ಕೈಯಿಂದ ಲಿವರ್ ಒತ್ತಿ ಹಿಡಿದೇ ಕೂತೆ.

ಮರುದಿನ ಗ್ಯಾರೇಜಿಗೆ ಹೋದೆವು. ಮೇಸ್ತ್ರಿ ಕಲಬುರಗಿ ಕಡೆಯ ಹಿರಿಯರು. ಗೇರು ಜಾರುವುದು ಈಚೆಗೆ ಶುರುವಾಗಿದ್ದರೆ ಒಳಗಿನ ಫೋರ್ಕು, ಸ್ಪ್ರಿಂಗು ಬದಲಿಸಿದರೆ ಸಾಕು, ಸಂಜೆಗೇ ಲಾರಿ ಒಯ್ಯಬಹುದು ಎಂದರು. ಬಹಳ ದಿನವಾಗಿದ್ದರೆ ಹಲ್ಲುಗಳೇ ಸವೆದಿರುತ್ತವೆ, ಆಗ ರಿಪೇರಿ ಬರೀ ಕಣ್ಣೊರೆಸುವ ಕೆಲಸ, ಗುಜರಿಯಿಂದ ಬೇರೆ ಬಾಕ್ಸೇ ತಂದು ಕೂರಿಸಬೇಕು ಎಂದರು. ಎಷ್ಟು ದಿನವಾಯಿತೆಂದು ಕೇಳಿದರು.

“ಎಂಟ ದಿನ ಆತ್ರಿ,” ಅಂದರು ನನ್ನ ಗಂಡ.

ನಾಚಿಕೆಗೆ ಹೇಳಿದ ಸುಳ್ಳು. ಆ ಸುಳ್ಳು ನನಗೂ ಅನುಕೂಲದ್ದೇ. ಬರೀ ರಿಪೇರಿಯಾದರೆ ತಿಂಗಳೆರಡು ತಿಂಗಳಲ್ಲಿ ಗೇರು ಮತ್ತೆ ಕೈಕೊಡುತ್ತದೆ, ನಾನು ಮತ್ತೆ ಆ ಸೀಟಿನಲ್ಲಿ ಕೂರುತ್ತೇನೆ. ಮೇಸ್ತ್ರಿ ಬೋಲ್ಟು ಬಿಚ್ಚುವ ಪಾನಾ ಕೈಗೆ ತೆಗೆದುಕೊಳ್ಳುವವರೆಗೂ ನಾನು ಬಾಯಿ ಬಿಡಲಿಲ್ಲ. ಅಷ್ಟು ಸ್ವಾರ್ಥ ನನ್ನಲ್ಲಿತ್ತು. ಆದರೆ ಆ ಬೈಕಿನ ಮಗುವಿನ ಕುಲಾವಿ ಕಣ್ಣಿಗೆ ಕಟ್ಟಿದಂತಾಗಿ ತಡೆದುಕೊಳ್ಳಲಾಗಲಿಲ್ಲ.

“ಎಂಟ ದಿನ ಅಲ್ರಿ, ನಾಲ್ಕ ತಿಂಗಳಾತು. ನಾನೇ ಹಿಡ್ಕೊಂಡು ಕುಂತೀನಿ.”

ನನ್ನ ಗಂಡ ನೆಲ ನೋಡಿದರು. ಮೇಸ್ತ್ರಿ ಬಾಕ್ಸ್ ಬಿಚ್ಚಿ ಕರೆದು ತೋರಿಸಿದರು. ನಾಲ್ಕನೇ ಗೇರಿನ ಹಲ್ಲುಗಳು ಮುದುಕಿಯ ಹಲ್ಲಿನಂತೆ ಮೊಂಡಾಗಿದ್ದವು. ಫೋರ್ಕು ಒಂದು ಮಗ್ಗುಲಿಗೆ ಸವೆದು ತೆಳ್ಳಗಾಗಿತ್ತು. ಲಿವರ್ ಒತ್ತಿ ಹಿಡಿದರೆ ಹೀಗೇ ಸವೆಯುವುದು, ಹಿಡಿದಷ್ಟೂ ಹಾಳು ಎಂದರು. ನನ್ನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡು ನಾಲ್ಕು ತಿಂಗಳು ನಾನೇ ಅದನ್ನು ತಿಂದು ಹಾಕಿದ್ದೆ.

ಮೂರನೇ ದಿನ ಬೇರೆ ಬಾಕ್ಸ್ ಕೂರಿಸಿದರು. ನೋಡೋಣವೆಂದು ಇಬ್ಬರೂ ಒಂದು ಸುತ್ತು ಹೋಗಿಬಂದೆವು. ನಾಲ್ಕನೇ ಗೇರು ಹೂವಿನಂತೆ ಬಿದ್ದು, ಹಾಗೇ ನಿಂತಿತು. ಎಷ್ಟೋ ದಿನದ ಮೇಲೆ ನನ್ನ ಗಂಡನ ಭುಜ ಸಡಿಲಾಗಿದ್ದು ಕಂಡಿತು. ಖೋಲಿಯ ಹತ್ತಿರ ಬಂದಾಗ, ನಾಳೆಯಿಂದ ನೀನು ಬರುವುದು ಬೇಡ, ಆರಾಮಾಗಿ ಮನೆಯಲ್ಲಿರು ಎಂದರು.

ಇಳಿಯುವ ಮುಂಚೆ ಧೈರ್ಯ ಮಾಡಿ ಕೇಳಿದೆ: “ಬರೀ ಗೇರ್ ಹಿಡೀಲಿಕ್ಕ ಕರ್ಕೊಂಡು ಹೋಗ್ತಿದ್ರೇನ್ರಿ ನನಗ?”

ಅವರು ನನ್ನ ಕಡೆ ತಿರುಗಿದರು. “ಮತ್ತ್ಯಾಕ?”

ಆ ಮಾತಿನಲ್ಲಿ ಕೊಂಕು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಆ ನಾಲ್ಕು ತಿಂಗಳ ಮಾತುಕತೆ ನನಗೆ ಏನಾಗಿತ್ತೆಂದು ಅವರಿಗೆ ನಿಜವಾಗಿಯೂ ತಿಳಿದಿರಲಿಲ್ಲ. ನಾನು ಬಾಗಿಲು ತೆರೆದು ಇಳಿದೆ. ಮರುದಿನ ಬೆಳಿಗ್ಗೆ ಒಬ್ಬರಿಗಾಗುವಷ್ಟು ಬುತ್ತಿ ಕಟ್ಟಿಕೊಟ್ಟೆ.